ಗಿಡಗಳಿಗೆ ಕಟ್ಟಿದ ಪದಗಳು

ನನಗೆ ಬರುವ ಇಂಗ್ಲಿಷ್ ಗಿಡಗಳ ಹೆಸರಿನಷ್ಟೇ. ಫಿಲೊಡೆಂಡ್ರಾನ್ ಅನ್ನುವುದನ್ನು ನಿದ್ದೆಗಣ್ಣಲ್ಲೂ ತಪ್ಪಿಲ್ಲದೆ ಬರೆದೇನು, ಆದರೆ ಯಾರಾದರೂ ಎದುರು ನಿಂತು ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿದರೆ ಮುಖ ಮುಖ ನೋಡುತ್ತೇನೆ. ನರ್ಸರಿ ನಡೆಸುವವಳಿಗೆ ಅಷ್ಟು ಸಾಕು. ಗಿಡಗಳು ತಿರುಗಿ ಮಾತಾಡುವುದಿಲ್ಲ, ಕೊಳ್ಳಲು ಬರುವವರೂ ಹೆಸರು ಕೇಳಿ ಅರ್ಥವಾದವರ ಹಾಗೆ ತಲೆಯಾಡಿಸಿ ಹೋಗುತ್ತಾರೆ.

ನನ್ನ ನಾದಿನಿಗೆ ಮಾತ್ರ ಅಷ್ಟು ಸಾಲದು. ದೂರದ ಊರಿನಲ್ಲೊಂದು ಬೀಜ ಸಂಶೋಧನಾ ಕೇಂದ್ರವಿದೆ, ಅಲ್ಲಿ ಎರಡು ವರ್ಷದ ತರಬೇತಿ, ಮುಗಿಸಿದವರಿಗೆ ಅಲ್ಲೇ ಕೆಲಸ. ಸೇರಬೇಕಾದರೆ ಪರೀಕ್ಷೆ ಬರೆಯಬೇಕು. ಗಿಡದ ಪ್ರಶ್ನೆಗಳೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಇಂಗ್ಲಿಷಿನದ್ದೇ ತೊಡಕು. ಎರಡೆರಡು ಪುಟದ ನಾಲ್ಕು ಬರಹ ಕೊಟ್ಟು, ಓದಿ ಏನು ತಿಳಿಯಿತು ಎಂದು ಕೆಳಗೆ ಪ್ರಶ್ನೆ ಕೇಳುತ್ತಾರೆ. ಮೊದಲ ಸಲ ಮೂರು ಅಂಕಕ್ಕೆ ಹೋಯಿತು, ಎರಡನೆಯ ಸಲ ಎರಡು ಅಂಕಕ್ಕೆ. ಗೊತ್ತಿಲ್ಲದ ಪದವೊಂದು ಅಡ್ಡ ಬಂದರೆ ಅಲ್ಲೇ ನಿಂತುಬಿಡುತ್ತೇನೆ, ಮುಂದಿನ ಸಾಲುಗಳೆಲ್ಲ ಮಂಜಾಗಿಬಿಡುತ್ತವೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತಾರೆ ಎಂದು ಅವಳೇ ಹೇಳಿದ್ದಳು. ಈಗ ಅವಳಿಗೆ ಮೂವತ್ತೆರಡು. ಅದಕ್ಕಿಂತ ಮೇಲಿನ ವಯಸ್ಸಿನವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಈ ಸಲ ಆಯಿತೋ ಆಯಿತು, ಇಲ್ಲವಾದರೆ ಜೀವಮಾನಕ್ಕೆ ಇಲ್ಲ.

ಹಾಗಾಗಿ ಎರಡು ವರ್ಷದಿಂದ ಅವಳು ಪದಗಳನ್ನು ಕೂಡಿಹಾಕುತ್ತಿದ್ದಳು. ನಮ್ಮಲ್ಲಿ ಸಸಿಗಳನ್ನು ಇಡುವ ಒಂದು ಗಾಜಿನ ಮನೆಯಿದೆ. ಸೂರಿನ ಸಣ್ಣ ಕೊಳವೆಗಳಿಂದ ಗಳಿಗೆಗೊಮ್ಮೆ ನೀರಿನ ಧೂಳು ಇಳಿಯುತ್ತದೆ. ಅಲ್ಲಿ ಕಾಗದ ಒಂದು ದಿನವೂ ಬಾಳುವುದಿಲ್ಲ. ಅದಕ್ಕೇ ಅವಳು ಗಿಡಕ್ಕೆ ಹೆಸರು ಕಟ್ಟುವ ಬಿಳಿ ಪ್ಲಾಸ್ಟಿಕ್ ಪಟ್ಟಿಗಳ ಮೇಲೆಯೇ ಬರೆದುಕೊಳ್ಳುತ್ತಿದ್ದಳು. ಮುಂದೆ ಅಳಿಯದ ಮಾರ್ಕರಿನಲ್ಲಿ ಪದ, ಹಿಂದೆ ಮಾಮೂಲಿ ಪೆನ್ನಿನಲ್ಲಿ ಆ ಪದ ಸಿಕ್ಕಿದ ಸಾಲು. ಹೊಸದಾಗಿ ಬರೆದ ಹೆಸರುಪಟ್ಟಿಗಳನ್ನು ಒಣಗಿಸಲು ಗಾಜಿನ ಮನೆಯ ಬಾಗಿಲ ಬಳಿ, ನೀರು ಬೀಳದ ಮೂಲೆಯಲ್ಲಿ ಒಂದು ತಂತಿ ಕಟ್ಟಿತ್ತು. ಅವಳ ಪದಗಳೂ ಅಲ್ಲೇ ತೂಗುತ್ತಿದ್ದವು. ಎಣಿಸಿದರೆ ಇನ್ನೂರ ನಲವತ್ತು.

ಬೆಳಗಿನ ಹೊತ್ತು ಅಲ್ಲಿ ನಾವಿಬ್ಬರೇ. ಎಳೆಯ ಸಸಿಗಳನ್ನು ತಟ್ಟೆಯಿಂದ ಕುಂಡಕ್ಕೆ ಬದಲಿಸುತ್ತ ಅವಳು ಒಂದೊಂದೇ ಪದ ಓದುವಳು. ಗಾಜಿನಿಂದ ಇಳಿದ ಬಿಸಿಲು ನೀರಿನ ಧೂಳಿನಲ್ಲಿ ತೇಲುತ್ತ ನಿಂತಿರುತ್ತಿತ್ತು, ಎದುರಿಗಿರುವವಳ ಮುಖ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿತ್ತು, ಧ್ವನಿ ಮಾತ್ರ ಕೇಳುತ್ತಲೇ ಇರುತ್ತಿತ್ತು. ನನಗೆ ಅರ್ಥ ಬೇಕಿರಲಿಲ್ಲ, ಧ್ವನಿ ಸಾಕಿತ್ತು. ನನ್ನ ಗಂಡ ಬಾಯಿ ತೆರೆದರೆ ಮುತ್ತು ಉದುರೀತು ಎಂದು ಹೆದರುವ ಆಸಾಮಿ. ಮದುವೆಯಾಗಿ ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ನಾನು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಅವನ ತಂಗಿಯ ಜೊತೆಗೆ. ಅವಳು ಹೋದರೆ ನಾನು ಗೋಡೆಗೇ ಮಾತಾಡಬೇಕು, ಅದೂ ಗಾಜಿನ ಗೋಡೆ.

ಸುತ್ತಿ ಬಳಸಿ ಹೇಳುವುದು ನನಗೆ ಆಗದು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪರೀಕ್ಷೆಗೆ ಇಪ್ಪತ್ತೇಳು ದಿನ ಇದ್ದಾಗ ಒಂದು ಶನಿವಾರ ನಾದಿನಿ ಎರಡು ದಿನದ ಅಭ್ಯಾಸ ಪರೀಕ್ಷೆ ಬರೆಯಲು ಪಕ್ಕದ ಊರಿಗೆ ಹೋಗಿದ್ದಳು. ಮರುದಿನ ನಮ್ಮಲ್ಲಿ ವರ್ಷಕ್ಕೊಮ್ಮೆಯ ದೊಡ್ಡ ಮಾರಾಟ. ಗಿಡಗಳಿಗೆ ನೀರು ಹಾಕುವ ಮುದುಕ, ನಾವು ನೀರಜ್ಜ ಎನ್ನುವವನು, ತಂತಿಯಿಂದ ಪಟ್ಟಿಗಳ ಗೊಂಚಲನ್ನು ಬಿಚ್ಚಿಕೊಂಡು ನನ್ನ ಮೇಜಿನ ಬಳಿ ಬಂದ. ಅವನಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಹೆಸರುಪಟ್ಟಿ ಯಾವ ಗಿಡದ್ದು ಎಂದು ನಾನು ಕೈ ತೋರಿಸುತ್ತೇನೆ, ಅವನು ಕಟ್ಟುತ್ತಾನೆ, ಅದು ನಮ್ಮ ಪದ್ಧತಿ. ಇವನ್ನು ನಾಳೆಯ ಸಾಲಿಗೆ ಕಟ್ಟಿಬಿಡಲೇ ಎಂದು ಕೇಳಿದ. ನಾನು ನೋಡಿದೆ. ನಾದಿನಿಯ ಓರೆ ಅಕ್ಷರ ನನಗೆ ಗುರುತು ಸಿಗದೇ ಇರುತ್ತದೆಯೇ? ಸಿಕ್ಕಿತು.

"ಹೂಂ, ಕಟ್ಟಿ," ಅಂದೆ.

ಅಷ್ಟೇ. ಯಾಕೆ ಅಂದೆ ಎಂದು ಕೇಳಿದರೆ ಉತ್ತರ ಮೇಲೆಯೇ ಹೇಳಿಯಾಗಿದೆ. ಹೇಳಿದ ಮೇಲೆ ನಾನು ಏಳಲಿಲ್ಲ, ಅವನನ್ನು ತಿರುಗಿ ಕರೆಯಲಿಲ್ಲ, ಮೇಜಿನ ಮೇಲಿನ ಮಣ್ಣನ್ನು ಸುಮ್ಮನೆ ಒರೆಸುತ್ತ ಕೂತೆ.

ಭಾನುವಾರ ಜನ ಮುಗಿಬಿದ್ದರು. ಇದರ ಹೆಸರೇನು ಎಂದು ಕೇಳುವರು, ನಾನು ಪಟ್ಟಿ ತಿರುಗಿಸಿ ಓದುವೆ. ರಿಲಕ್ಟೆಂಟ್. ಬಿಸಿಲು ಎಷ್ಟು ಬೇಕು? ಬೆಳಗಿನದ್ದು ಸಾಕು. ಇದು? ಎಫೆಮೆರಲ್. ಮನೆಯೊಳಗೆ ಇಡಬಹುದೇ? ಕಿಟಕಿಯ ಪಕ್ಕ ಇಡಿ. ಒಬ್ಬರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ, ಗಿಡಗಳ ನಿಜವಾದ ಹೆಸರುಗಳು ಅದಕ್ಕಿಂತ ವಿಚಿತ್ರವಾಗಿರುತ್ತವೆ. ನನ್ನ ಗಂಡ ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಮನೆಮನೆಗೆ ಇಳಿಸಿ ಬಂದ. ಸಂಜೆಯಾಗುವ ಹೊತ್ತಿಗೆ ಸಾಲು ಖಾಲಿ.

ನಾದಿನಿ ಬಂದವಳು ಚೀಲವನ್ನೂ ಇಳಿಸದೆ ಗಾಜಿನ ಮನೆಗೆ ಹೋದಳು. ತಂತಿ ಬರಿದಾಗಿತ್ತು. ಏನಾಯಿತೆಂದು ಹೇಳಬೇಕಾದವಳು ನಾನು. ಅಜ್ಜನಿಗೆ ಗೊತ್ತಾಗಲಿಲ್ಲ, ಪಾಪ, ಹೆಸರುಪಟ್ಟಿ ಅಂದುಕೊಂಡು ಕಟ್ಟಿಬಿಟ್ಟ ಎಂದೆ. ನೀರಜ್ಜ ಅಲ್ಲೇ ಪೈಪು ಸುತ್ತುತ್ತಿದ್ದ. ನನ್ನನ್ನು ಒಮ್ಮೆ ನೋಡಿದ. ಅವನು ಆಗ ಬಾಯಿ ತೆರೆದಿದ್ದರೆ ನಾನು ನಿಂತಲ್ಲೇ ಮಣ್ಣಾಗುತ್ತಿದ್ದೆ. ಅವನು ತೆರೆಯಲಿಲ್ಲ, ಪೈಪನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಅವಳು ಬೈಯಲಿಲ್ಲ, ಅಳಲಿಲ್ಲ. ಬೋರಲು ಹಾಕಿದ್ದ ಕುಂಡದ ಮೇಲೆ ಕೂತು, ಈ ಸಲ ಬರೆಯುವುದೇ ಇಲ್ಲ ಅತ್ತಿಗೆ, ಬಿಟ್ಟುಬಿಡುತ್ತೇನೆ ಎಂದಳು. ನಾನು ಬಯಸಿದ್ದು ಬಯಸಿದ ಹಾಗೇ ಕೈಗೆ ಬಂದು ಬಿದ್ದಿತ್ತು. ಆದರೆ ಒಂದು ಗಂಟೆಯೂ ನನಗೆ ಆ ಗೆಲುವನ್ನು ಅನುಭವಿಸಲು ಆಗಲಿಲ್ಲ. ಮಾರಿದ ಗಿಡ ಬೇರು ಹಿಡಿಯಿತೇ ಇಲ್ಲವೇ ಎಂದು ತಿಂಗಳೊಳಗೆ ಮನೆಗೇ ಹೋಗಿ ನೋಡಿಬರುವುದು ನಮ್ಮ ನರ್ಸರಿಯ ರೂಢಿ. ಈ ಸಲ ನಾಳೆಯಿಂದಲೇ ಹೊರಡೋಣ, ಪಟ್ಟಿಗಳನ್ನು ವಾಪಸು ಕೇಳೋಣ ಎಂದೆ. ಅಣ್ಣನಿಗೆ ಇಳಿಸಿದ ಮನೆಗಳೆಲ್ಲ ನೆನಪಿರುತ್ತವೆಯೇ ಎಂದು ಅವಳು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಅವನು ಇರುತ್ತವೆ ಎಂಬಂತೆ ತಲೆಯಾಡಿಸಿದ. ಮಾತಾಡದವರು ಮಾತಿನ ಜಾಗದಲ್ಲೆಲ್ಲ ನೆನಪು ತುಂಬಿಟ್ಟುಕೊಂಡಿರುತ್ತಾರೆ.

ಮೊದಲ ಮನೆ ಒಬ್ಬ ಸೂಲಗಿತ್ತಿಯದು. ಮೆಟ್ಟಿಲ ಪಕ್ಕ ಬಳ್ಳಿ ಇಟ್ಟಿದ್ದಳು, ಅದರ ಕೊರಳಲ್ಲಿ ಟೆನೇಶಿಯಸ್ ಎಂದು ಬರೆದ ಪಟ್ಟಿ. ನಾದಿನಿ ಅದನ್ನು ತಿರುಗಿಸಿ ನೋಡಿದಳು. ಒಂದೇ ದಿನ ಹೊಯ್ದ ನೀರಿಗೆ ಹಿಂದಿನ ಸಾಲು ಪೂರ್ತಿ ತೊಳೆದುಹೋಗಿತ್ತು, ನೀಲಿಯ ಕಲೆಯಷ್ಟೇ ಉಳಿದಿತ್ತು. ಆದರೂ ಪಟ್ಟಿಯನ್ನು ಕೊಡಿ ಎಂದು ಕೇಳಿದರೆ ಸೂಲಗಿತ್ತಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡುಬಿಟ್ಟಳು. ಹೆಸರು ಕಿತ್ತುಕೊಂಡು ಹೋದರೆ ನಾನು ಇದನ್ನು ಕರೆಯುವುದು ಹೇಗೆ ಎಂದಳು. ನಾನು ಪುಸಲಾಯಿಸಿದೆ, ಬೇರೆ ಹೆಸರು ಕೊಡುತ್ತೇನೆ ಎಂದೆ. ಊಹೂಂ, ಕೈ ಸಡಿಲಲಿಲ್ಲ.

ನಾದಿನಿ ವ್ಯಾನಿಗೆ ಹೋಗಿ ನಿಘಂಟು ತೆಗೆದು ನೋಡಿದಳು. ಹಿಡಿದದ್ದನ್ನು ಬಿಡದ, ಎಂದಿತ್ತು. ವಾಪಸು ಬಂದು ಸೂಲಗಿತ್ತಿಯ ಮುಷ್ಟಿಯನ್ನು ನೋಡಿದಳು, ಬೆರಳುಗಳ ಗಂಟುಗಳು ಬೆಳ್ಳಗಾಗಿದ್ದವು. ನಾದಿನಿ ನಕ್ಕುಬಿಟ್ಟಳು. ಹಿಂದಿನ ದಿನದಿಂದ ಅವಳು ನಕ್ಕದ್ದು ಅದೇ ಮೊದಲು. ಪಟ್ಟಿಯನ್ನು ಅಲ್ಲೇ ಬಿಟ್ಟು ಒಂದು ನೋಟ್‌ಬುಕ್ ತೆಗೆದು ಆ ಮುಷ್ಟಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದುಕೊಂಡಳು.

ಅಲ್ಲಿಂದ ಅದೇ ಕ್ರಮವಾಯಿತು. ಪದವನ್ನು ನೋಡುವುದು, ನಿಘಂಟು ತೆರೆಯುವುದು, ಆಮೇಲೆ ಆ ಮನೆಯಲ್ಲಿ ಆ ಪದಕ್ಕೆ ಒಪ್ಪುವುದು ಯಾವುದು ಎಂದು ಹುಡುಕುವುದು. ಸಿಗುವ ತನಕ ಅವಳು ಹೊರಡುತ್ತಿರಲಿಲ್ಲ. ಗಿಡ ನೋಡಲು ಬಂದವರು ಇಷ್ಟು ಹೊತ್ತು ಯಾಕೆ ಕೂತಿದ್ದಾರೆ ಎಂದು ಮನೆಯವರು ಕೇಳಿದರೆ, ಮಣ್ಣಿನ ತೇವ ನೋಡಬೇಕು, ಹೊತ್ತು ಹಿಡಿಯುತ್ತದೆ ಎಂದು ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ.

ಗಡಿಯಾರ ರಿಪೇರಿಯವನ ಕೋಣೆಯಲ್ಲಿ ಎಫೆಮೆರಲ್ ಇತ್ತು, ಒಂದು ಜರೀಗಿಡದ ಕೊರಳಲ್ಲಿ. ಕ್ಷಣಕಾಲ ಬಾಳುವ, ಎಂದು ಅದರ ಅರ್ಥ. ಇಡೀ ಕೋಣೆಯಲ್ಲಿ ಅಂಥದ್ದು ಏನೂ ಇರಲಿಲ್ಲ, ಗೋಡೆಯ ಹಳೆ ಗಡಿಯಾರಗಳೇ ನನಗಿಂತ ದೊಡ್ಡವು. ಅರ್ಥ ಕೇಳಿಸಿಕೊಂಡು, ನಾಲ್ಕು ಗಂಟೆಯವರೆಗೆ ಕೂತಿರಿ ಎಂದ ಅವನು, ಕೆಲಸದಿಂದ ತಲೆ ಎತ್ತದೆ. ಕೂತೆವು. ನಾಲ್ಕಕ್ಕೆ ಮೇಲಿನ ಸಣ್ಣ ಕಿಂಡಿಯಿಂದ ಒಂದು ಹಿಡಿ ಬೆಳಕು ಒಳಗೆ ಬಂತು, ಗೋಡೆಯ ಗಾಜುಗಳನ್ನೆಲ್ಲ ಒಂದೊಂದಾಗಿ ಮುಟ್ಟಿತು, ಜರೀಗಿಡದ ಮೇಲೆ ಬಿತ್ತು, ಆರಿಹೋಯಿತು. ಮೂವರೂ ಉಸಿರು ಬಿಗಿಹಿಡಿದಿದ್ದೆವು ಎಂದು ಆಮೇಲೆ ಗೊತ್ತಾಯಿತು. ನಾದಿನಿ ಬರೆದುಕೊಂಡಳು. ಹೊರಗೆ ಬಂದ ಮೇಲೂ ಬೀದಿ ನನಗೆ ನಿಜ ಅನ್ನಿಸಲಿಲ್ಲ.

ಆ ದಿನಗಳು ನನ್ನ ನೆನಪಿನಲ್ಲಿ ಹಾಗೇ ಇವೆ, ಅರ್ಧ ನಿದ್ದೆಯಲ್ಲಿ ನಡೆದ ಹಾಗೆ. ಗುರುತಿಲ್ಲದ ಬೀದಿಗಳಲ್ಲಿ ವ್ಯಾನು ಸದ್ದಿಲ್ಲದೆ ನಿಲ್ಲುವುದು, ಗಂಡ ಒಂದು ಬಾಗಿಲ ಕಡೆ ಗದ್ದ ಎತ್ತಿ ತೋರಿಸುವುದು, ಬಾಗಿಲು ತೆರೆದರೆ ಒಳಗೆ ಒಂದು ಗಿಡ, ಅದರ ಕೊರಳಲ್ಲಿ ನಮ್ಮ ಮನೆಯ ಅಕ್ಷರ. ಒಂದು ಮಗು ತನ್ನ ಗಿಡವನ್ನು ಲೂಸಿಡ್ ಎಂದು ಕರೆದು ನೀರು ಕುಡಿಸುತ್ತಿತ್ತು, ತಿಳಿಯಾದ ಎಂದು ಅದರ ಅರ್ಥ. ಒಬ್ಬ ಮುದುಕಿ, ನಮ್ಮ ಸೊಲೇಸ್ ಎರಡು ಎಲೆ ಬಿಟ್ಟಿದೆ ಎಂದು ಕೈ ಹಿಡಿದು ಎಳೆದೊಯ್ದಳು; ಸೊಲೇಸ್ ಅಂದರೆ ಸಾಂತ್ವನ. ಟಾಸಿಟರ್ನ್ ಸಿಕ್ಕಿದ ದಿನ ಅದರ ಅರ್ಥ ಓದಿ ನಾವಿಬ್ಬರೂ ಒಟ್ಟಿಗೇ ವ್ಯಾನಿನ ಕಡೆ ತಿರುಗಿದೆವು. ಮಾತು ಕಡಿಮೆಯಿರುವ, ಎಂದಿತ್ತು. ಸ್ಟೇರಿಂಗಿನ ಹಿಂದೆ ಕೂತಿದ್ದ ನನ್ನ ಗಂಡ, ಏನು ಎಂದು ಹುಬ್ಬಿನಲ್ಲೇ ಕೇಳಿದ. ನಕ್ಕೂ ನಕ್ಕೂ ನಮ್ಮ ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷದಿಂದ ಆ ಪದದ ಜೊತೆಗೆ ಸಂಸಾರ ಮಾಡುತ್ತಿದ್ದೇನೆ ಎಂದು ನನಗೆ ತಿಳಿದೇ ಇರಲಿಲ್ಲ.

ಒಂದು ಮನೆಯಲ್ಲಿ ಮಾತ್ರ ಅವಳಿಗೆ ಏನೂ ಸಿಗಲಿಲ್ಲ. ಅದು ದರ್ಜಿಯೊಬ್ಬಳ ಮನೆ, ಅಲ್ಲಿದ್ದ ಪದ ಅಂಬಿವಲೆಂಟ್. ಒಂದೇ ವಿಷಯದಲ್ಲಿ ಎರಡು ಮನಸ್ಸು, ಬೇಕೂ ಹೌದು, ಬೇಡವೂ ಹೌದು. ನಾದಿನಿ ಬಟ್ಟೆಯ ರಾಶಿ ನೋಡಿದಳು, ಹೊಲಿಗೆ ಯಂತ್ರ ನೋಡಿದಳು, ದರ್ಜಿಯ ಮುಖ ನೋಡಿದಳು. ನಾನು ಅಳತೆಯ ಕನ್ನಡಿಯ ಮುಂದೆ ನಿಂತಿದ್ದೆ. ಪರೀಕ್ಷೆಗೆ ಇನ್ನು ಒಂಬತ್ತು ದಿನ ಇತ್ತು. ಅವಳು ತೇರ್ಗಡೆಯಾಗಲಿ ಎಂದು ದಿನವಿಡೀ ಬೀದಿ ಸುತ್ತುತ್ತಿದ್ದೆ, ಹಾಸಿಗೆಗೆ ತಲೆ ಕೊಟ್ಟ ಕೂಡಲೇ ಆಗದಿರಲಿ ಎಂದು ಕೇಳಿಕೊಳ್ಳುತ್ತಿದ್ದೆ. ಇಲ್ಲಿ ಅಂಥದ್ದೇನೂ ಇಲ್ಲ ಅತ್ತಿಗೆ, ಹೋಗೋಣ ಎಂದಳು ಅವಳು. ಹೇಳಿಬಿಡಬೇಕು ಎಂದು ಬಾಯಿಯವರೆಗೆ ಬಂತು. ಪರೀಕ್ಷೆಯ ಮೊದಲು ಅವಳ ಮನಸ್ಸು ಕೆಡಿಸಬಾರದು ಎಂದು ನೆಪ ಹೇಳಿಕೊಂಡೆ. ಅದು ನೆಪ ಎಂದು ಆಗಲೂ ಗೊತ್ತಿತ್ತು.

ಕೊನೆಗೆ ನೂರ ಎಪ್ಪತ್ತು ಪದಗಳು ಸಿಕ್ಕವು. ಉಳಿದವು ಯಾರ ಯಾರ ಮನೆಯಲ್ಲೋ ಚಿಗುರುತ್ತಿರಬೇಕು. ಅವಳು ಹೋಗಿ ಪರೀಕ್ಷೆ ಬರೆದು ಬಂದಳು.

ಬಂದವಳು ಕೈಕಾಲು ತೊಳೆದು, ಚಹಾ ಹಿಡಿದುಕೊಂಡು ಗಾಜಿನ ಮನೆಗೆ ಬಂದು ಎಲ್ಲ ಹೇಳಿದಳು. ನಾಲ್ಕು ಬರಹದಲ್ಲೂ ಸೇರಿ ಅವಳು ಕಲಿತ ಪದಗಳಲ್ಲಿ ಬಂದದ್ದು ಒಂದೇ ಒಂದಂತೆ. ಅದನ್ನು ಕೇಳಿ ನಾನು ಕೈಯಲ್ಲಿದ್ದ ಕುಂಡವನ್ನು ಕೆಳಗಿಟ್ಟೆ. ಅವಳು ಮಾತ್ರ ಸಮಾಧಾನವಾಗಿದ್ದಳು. ಮೊದಲಾಗಿದ್ದರೆ ಗೊತ್ತಿಲ್ಲದ ಪದದ ಮುಂದೆ ಕೂತು ತಲೆಯೊಳಗೆ ತಡಕಾಡುತ್ತಿದ್ದೆ, ಈ ಸಲ ಹಾಗೆ ಮಾಡಲಿಲ್ಲ ಎಂದಳು. ಹೊಸ ಮನೆಗೆ ಹೋದ ಹಾಗೆ ಅಲ್ಲಿ ನಿಂತು ಸುತ್ತ ನೋಡಿದೆ, ಅಕ್ಕಪಕ್ಕದ ಸಾಲಿನಲ್ಲಿ ಯಾರಿದ್ದಾರೆ, ಯಾವ ಸ್ವರದಲ್ಲಿ ಮಾತಾಡುತ್ತಿದ್ದಾರೆ, ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡಿದೆ, ಎಲ್ಲೂ ನಿಂತುಹೋಗಲಿಲ್ಲ, ಹದಿನೈದು ನಿಮಿಷ ಉಳಿಯಿತು ಎಂದಳು. ಹೇಳುವಾಗ ಅವಳ ಮುಖ ಹೊಳೆಯುತ್ತಿತ್ತು. ಆಗಲೇ ನನಗೆ ಖಾತ್ರಿಯಾಯಿತು, ಅವಳು ಹೋಗುತ್ತಾಳೆ ಎಂದು. ಅವಳನ್ನು ಕಟ್ಟಿಹಾಕಲು ನಾನು ಆಡಿದ ಎರಡು ಮಾತೇ ಅವಳನ್ನು ದಾಟಿಸಿತ್ತು.

ಐದು ವಾರಕ್ಕೆ ಫಲಿತಾಂಶ ಬಂತು. ಬೇಕಾದದ್ದಕ್ಕಿಂತ ಹದಿನೊಂದು ಅಂಕ ಹೆಚ್ಚು. ಹೊರಡುವ ದಿನ ಬೆಳಿಗ್ಗೆ ಅವಳು ನೀರಜ್ಜನಿಗೆಂದು ಒಂದು ಹೊಸ ಸ್ವೆಟರ್ ತಂದು ಮುಂದೆ ಚಾಚಿದಳು. ಅಜ್ಜಾ, ನೀವು ಆ ಪಟ್ಟಿಗಳನ್ನು ಕಟ್ಟದೇ ಇದ್ದಿದ್ದರೆ ನಾನು ಅವನ್ನೇ ಉರು ಹೊಡೆದುಕೊಂಡು ಹೋಗಿ ಮೂರನೆಯ ಸಲವೂ ಸೋತು ಬರುತ್ತಿದ್ದೆ ಎಂದಳು. ಮುದುಕ ಸ್ವೆಟರನ್ನು ಮುಟ್ಟಲಿಲ್ಲ. ನಂದೇನೂ ಇಲ್ಲ ತಾಯಿ ಎಂದ. ಈ ಸಲ ನನ್ನನ್ನು ನೋಡಲೂ ಇಲ್ಲ, ಕ್ಯಾನು ಎತ್ತಿಕೊಂಡು ಹೊರಟುಹೋದ. ಅವನು ನೋಡಿದ್ದರೆ ವಾಸಿಯಿತ್ತು.

ನನ್ನ ಪಜೀತಿ ನೋಡಿ. ಅವತ್ತೇ ಹೇಳಿದ್ದರೆ ಬೈಗುಳ ಸಿಗುತ್ತಿತ್ತು, ಅದು ನನಗೆ ಸಲ್ಲಬೇಕಾದದ್ದು. ಈಗ ಹೇಳಿದರೆ ಎಲ್ಲಿ ಥ್ಯಾಂಕ್ಸ್ ಸಿಕ್ಕಿಬಿಡುತ್ತದೋ ಎಂದು ಭಯ. ಹೇಳದೆ ಇದ್ದರೆ ಒಬ್ಬ ಮುದುಕ ನನ್ನ ತಪ್ಪನ್ನು ಹೊತ್ತುಕೊಂಡು ಓಡಾಡುತ್ತಾನೆ. ಅವಳು ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ನಾನು ಹೊಸಿಲ ಮೇಲೆ ನಿಂತೇ ಎಲ್ಲ ಹೇಳಿದೆ. ಅಜ್ಜ ಕೇಳಿದ್ದು, ನಾನು ಅಕ್ಷರ ಗುರುತಿಸಿದ್ದು, ಕಟ್ಟಿ ಎಂದದ್ದು. ಎಲ್ಲಿ ಒಳ್ಳೆಯದೇ ಆಯಿತಲ್ಲ ಎಂದುಬಿಡುತ್ತಾಳೋ ಎಂದು ಹೆದರಿ ಉಳಿದದ್ದನ್ನೂ ಸೇರಿಸಿದೆ.

"ನೀನು ಪಾಸಾಗಲಿ ಅಂತ ಮಾಡಿದ್ದಲ್ಲ. ಫೇಲಾಗಲಿ ಅಂತ ಮಾಡಿದ್ದು. ಇಲ್ಲೇ ಇರ್ತೀಯ ಅಂತ."

ಅವಳು ಮಡಚುತ್ತಿದ್ದ ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮಂಚದ ಮೇಲೆ ಕೂತಳು. ಕಿರುಚುತ್ತಾಳೆ ಎಂದು ಕಾದೆ. ಕಿಟಕಿಯಾಚೆ ಗಾಜಿನ ಮನೆಯ ಕೊಳವೆಗಳು ಸುಯ್ ಎಂದು ನೀರು ಚೆಲ್ಲಿ ನಿಂತವು.

"ನಾನು ಇರ್ಬೇಕು ಅಂತ ಅಷ್ಟೊಂದು ಇತ್ತಾ ನಿಮಗೆ?"

"ಇತ್ತು."

"ಬಾಯ್ಬಿಟ್ಟು ಹೇಳಿದ್ರೆ ಇದ್ದುಬಿಡ್ತಿದ್ದೆನಲ್ಲ ಅತ್ತಿಗೆ," ಅಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತಡೆಯಲಾಗಲಿಲ್ಲ. "ಅಣ್ಣ ಅಂತೂ ಮಾತಾಡಲ್ಲ. ನೀವು ಊರಿನ ಸುದ್ದಿಯೆಲ್ಲ ಮಾತಾಡ್ತಿದ್ರಿ, ಇದೊಂದನ್ನ ಮಾತ್ರ ಯಾವತ್ತೂ ಹೇಳಿಲ್ಲ. ಹನ್ನೊಂದು ವರ್ಷ. ಇವಳಿನ್ನೂ ಇಲ್ಲೇ ಇದ್ದಾಳಲ್ಲ ಅಂತ ನಿಮ್ಮಿಬ್ಬರಿಗೂ ಅನ್ನಿಸ್ತಿರುತ್ತೆ ಅಂತ ನಾನೇ ಅರ್ಥ ಮಾಡ್ಕೊಂಡೆ. ಅದಕ್ಕೇ ಮೂರು ಸಲ ಬರೆದದ್ದು."

ಹನ್ನೊಂದು ವರ್ಷದಲ್ಲಿ ಸಾವಿರ ಸಲ ಹೇಳಬಹುದಾಗಿದ್ದ ಮಾತು ಅದು, ಸಸಿ ಬದಲಿಸುತ್ತ ಹೇಳಬಹುದಿತ್ತು, ತಮಾಷೆಗೆ ಹೇಳಬಹುದಿತ್ತು. ಅವಳ ಕಡೆ ಒಂದು ಹೆಜ್ಜೆ ಇಟ್ಟೆ, ಬಾಯಿ ತೆರೆದೆ. ಅವಳು ಅಂಗೈ ಅಡ್ಡ ಹಿಡಿದಳು.

"ಈಗ ಹೇಳ್ಬೇಡಿ. ಈಗ ಹೇಳಿದ್ರೆ ನನಗೆ ಹೋಗೋಕಾಗಲ್ಲ. ನನಗೀಗ ಹೋಗ್ಬೇಕು ಅನ್ನಿಸ್ತಿದೆ."

ಹೊರಗೆ ವ್ಯಾನಿನ ಹಾರ್ನು ಒಮ್ಮೆ ಕೂಗಿ ಸುಮ್ಮನಾಯಿತು. ಅವಳು ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿ ಜಿಪ್ ಎಳೆದಳು. ಹೋಗುವ ದಾರಿಯಲ್ಲಿ ನೀರಜ್ಜನ ಬಳಿ ನಿಂತು ಏನೋ ಹೇಳಿದಳು, ಅವನು ಸ್ವೆಟರ್ ತೆಗೆದುಕೊಂಡ. ಭಾರದ ಚೀಲವನ್ನು ನಾನೇ ಹೊತ್ತೆ. ನಿಲ್ದಾಣದಲ್ಲಿ ಬಸ್ಸಿನ ಕಿಟಕಿಯಿಂದ ಅವಳು ನನ್ನ ಕೈಯನ್ನು ಹಿಡಿದುಕೊಂಡಿದ್ದಳು, ಚಾಲಕ ಹತ್ತಿ ಕೂತ ಮೇಲೂ ಬಿಡಲಿಲ್ಲ. ಬಸ್ಸು ಕದಲುವ ತನಕ ನಾನು ಇರು ಎಂಬ ಆ ಎರಡಕ್ಷರವನ್ನು ಬಾಯೊಳಗೇ ಕಚ್ಚಿಹಿಡಿದುಕೊಂಡು ನಿಂತಿದ್ದೆ.